ಬೆಟ್ಟದಾಚೆ ಇಟ್ಟ ಕಿವಿ

ನೆಲ ಮತ್ತೆ ಮತ್ತೆ ನಡುಗಿ, ಊರವರು ಮನೆ ಬಿಟ್ಟು ಬೆಟ್ಟದ ಬುಡದಲ್ಲಿ ಡೇರೆ ಹಾಕಿದ್ದರು. ನಡುಕ ಹುಟ್ಟುವ ಜಾಗ ಮಾತ್ರ ಯಾರಿಗೂ ತಿಳಿದಿರಲಿಲ್ಲ. ನಕ್ಷೆಯ ಮೇಲೆ ನಡುಕಗಳನ್ನು ಗುರುತಿಸಿದ ಚುಕ್ಕಿಗಳು ಚೆಲ್ಲಿದ ಸಾಸಿವೆಯಂತೆ ಹರಡಿದ್ದವು.

"ನಡುಕ ಅಳೆಯುವ ಯಂತ್ರಗಳೆಲ್ಲ ಬೆಟ್ಟದ ಈಚೆ ಬದಿಗೇ ಇವೆ. ಒಂದೇ ಕಿವಿಯಲ್ಲಿ ಕೇಳಿದರೆ ದಿಕ್ಕು ಗೊತ್ತಾಗುತ್ತಾ? ಆಚೆ ಗುಹೆಯಲ್ಲಿ ಇನ್ನೊಂದು ಕಿವಿ ಇಡಬೇಕು," ಎಂದಳು ಭೂಕಂಪ ತಜ್ಞೆ.

ಯಂತ್ರ ಹೊರಲು ಅವಳ ಭಾವ ಹೊರಟ. ಅವನ ಹೆಂಡತಿ, ಅಂದರೆ ತಜ್ಞೆಯ ಅಕ್ಕ, ತುಂಬಿದ ಬಸುರಿ, ಡೇರೆಯಲ್ಲಿದ್ದಳು. ಹಗ್ಗ ಹಿಡಿದು ಮುಂದೆ ನಡೆದವನು ಮೌನಿ. ಬಾಯಿ ಮುಚ್ಚದವನಿಗೆ ಊರು ಇಟ್ಟ ಹೆಸರು ಅದು.

ಮೇಲೇರಿದಂತೆ ಮೋಡ ಕಾಲಡಿಗೆ ಬಂತು. ಬೆಟ್ಟವೆಂಬುದು ಮುದುರಿ ಮಲಗಿದ ಮುದಿ ರಾಕ್ಷಸ, ಹುಲ್ಲೇ ಅವನ ಕಂಬಳಿ, ಕನಸು ಬಿದ್ದಾಗಲೆಲ್ಲ ಮಗ್ಗುಲು ಬದಲಿಸುತ್ತಾನೆ ಎನ್ನುವ ಹಾಗಿತ್ತು. ಅವನ ನಿದ್ದೆ ಕೆಡದಂತೆ ಮೂವರೂ ಮೆಲ್ಲಗೆ ಹೆಜ್ಜೆ ಇಟ್ಟರು.

ಗುಹೆಯಲ್ಲಿ ಯಂತ್ರ ಕೂಡಿಸಿದ ಕೂಡಲೇ ಪರದೆಯ ಮೇಲೆ ಗೆರೆ ಕುಣಿಯತೊಡಗಿತು. ಧಡ್, ಧಡ್, ಒಂದೇ ಲಯ.

"ಸಿಕ್ಕಿತು ನೋಡು," ಎಂದ ಮೌನಿ.

ತಜ್ಞೆ ತಿರುಗಿ ನೋಡಿದಳು. "ಇದು ಭೂಕಂಪ ಅಲ್ಲ ಮಾರಾಯ, ನಮ್ಮ ಭಾವ. ಅಲ್ಲಿಂದಿಲ್ಲಿಗೆ ಓಡಾಡ್ತಿದ್ದಾರೆ. ಕೂತ್ಕೊಳ್ಳಿ ಭಾವ."

"ಅವಳೊಬ್ಬಳೇ ಇದ್ದಾಳಲ್ಲ," ಎನ್ನುತ್ತಾ ಅವನು ಕೂತ.

ಆಮೇಲೆ ನಿಜವಾದ ನಡುಕಗಳು ಒಂದೊಂದಾಗಿ ಬಂದವು. ಊರ ಕಡೆಯ ಯಂತ್ರಗಳ ಗೆರೆಗಳೂ ಉಪಗ್ರಹದ ಮೂಲಕ ಅದೇ ಪರದೆಗೆ ಇಳಿಯುತ್ತಿದ್ದವು.

"ಅಕ್ಕಪಕ್ಕ ಹುಟ್ಟಿದ ನಡುಕಗಳು ಅವಳಿಗಳ ಹಾಗೆ, ಅಲೆಗಳ ಮುಖಚಹರೆ ಒಂದೇ," ಎಂದು ತಜ್ಞೆ ಗೆರೆಯ ಮೇಲೆ ಗೆರೆ ಹೊಂದಿಸಿದಳು. "ಯಾವ ಯಂತ್ರಕ್ಕೆ ಯಾವುದು ಎಷ್ಟು ಮುಂಚೆ ಮುಟ್ಟಿತು ಅಂತ ಹೋಲಿಸಿದರೆ, ಅವುಗಳ ನಡುವಿನ ದೂರ ಸಿಗುತ್ತೆ."

ಚೆಲ್ಲಿದ ಸಾಸಿವೆ ನಿಧಾನವಾಗಿ ಒಂದೇ ಸಾಲಿಗೆ ಬಂತು. ಸಾಲು ಊರಿನ ಕೆಳಗಿರಲಿಲ್ಲ. ಡೇರೆಗಳ ನೆತ್ತಿಯ ಮೇಲಿನ ಬಂಡೆಗಳಡಿಯಲ್ಲೇ ಹಾದುಹೋಗಿತ್ತು.

ಭಾವ ಎದ್ದು ನಿಂತ. "ಗಾಳಿ ತಾಗದಿರಲಿ ಅಂತ ಅವಳ ಡೇರೆನ ಬಂಡೆ ಮರೆಗೇ ಹಾಕಿದ್ದೀನಿ."

ವೈರ್‌ಲೆಸ್ ಗೊರಗೊರ ಎಂದಿತು, ಅಷ್ಟೆ. ಡೇರೆಗಳಿಗೆ ಎಚ್ಚರಿಕೆ ಮುಟ್ಟಿಸಲು ಇದ್ದದ್ದು ಅದೊಂದೇ, ಬೆಟ್ಟ ಅಡ್ಡವಿತ್ತು.

ಓಡಿದರು.

ಇಳಿಜಾರಿನಲ್ಲಿ ನೆಲ ಕುಲುಕಿತು. ಕಲ್ಲು ಜಾರಿತು. ಭಾವನ ಕಾಲೂ ಜಾರಿತು.

ಭಾವನ ಸೊಂಟಕ್ಕೆ ಕಟ್ಟಿದ್ದ ಹಗ್ಗವನ್ನು ಮೌನಿ ಬಿಗಿಹಿಡಿದ. ಅಂಗೈ ಸುಲಿಯಿತು. ಮೊದಲ ಸಲ ಅವನು ಮಾತಾಡಲಿಲ್ಲ.

ತೆವಳಿಕೊಂಡು ಭಾವ ಮೇಲೆ ಬಂದ.

ಬುಡ ಮುಟ್ಟಿದ್ದೇ ತಡ, ಎಲ್ಲರನ್ನೂ ಎಬ್ಬಿಸಿ ಊರಾಚೆಯ ಆಟದ ಮೈದಾನಕ್ಕೆ ಹೊರಡಿಸಿದರು. ಅಕ್ಕನನ್ನು ಮಂಚದ ಸಮೇತ ಹೊತ್ತರು. "ಸ್ವಲ್ಪ ಮೆತ್ತಗೆ, ನಾನೇನು ಅಕ್ಕಿ ಮೂಟೆನಾ," ಎಂದು ಅವಳು ಗದರಿದಳು.

ಸಂಜೆಯೊಳಗೆ ಬೆಟ್ಟ ಮಗ್ಗುಲು ಬದಲಿಸಿತು. ಡೇರೆಗಳಿದ್ದು ಬರಿದಾದ ಜಾಗದ ಮೇಲೆ ಬಂಡೆಗಳು ಉರುಳಿಬಿದ್ದವು.

ಮೈದಾನದ ಡೇರೆಯೊಳಗೆ ಅಕ್ಕ ಹೆರಿಗೆ ನೋವಿನಿಂದ ನರಳುತ್ತಿದ್ದಳು. ಹೊರಗೆ ಓಡಾಡುತ್ತಿದ್ದ ಭಾವ ತಟಕ್ಕನೆ ನಿಂತು ನಾದಿನಿಯ ಕಡೆ ನೋಡಿದ.

"ನಡೀರಿ ಭಾವ," ಎಂದಳು ತಜ್ಞೆ, ಮೌನಿಯ ಅಂಗೈಗೆ ಬಟ್ಟೆ ಸುತ್ತುತ್ತಾ. "ಗುಹೆಯ ಕಿವಿಗೆ ಇಲ್ಲಿನ ಹೆಜ್ಜೆ ಕೇಳಲ್ಲ."

ಅವನು ಓಡಾಡಿದ, ಒಳಗಿಂದ ಮಗು ಅಳುವವರೆಗೂ.