ವರ್ಷದ ಮೊದಲ ಎಲೆ

ಅತ್ತೆಯ ಕೈ ತನ್ನ ಕಡೆಗೇ ಬರುತ್ತಿದೆ ಎಂದುಕೊಂಡು ಇನ್‌ಜು ಬಾಯಿ ತೆರೆದೇಬಿಟ್ಟಿದ್ದಳು. ಕೆಂಪು ಮಸಾಲೆ ಸವರಿ, ಬೇಯಿಸಿದ ಹಂದಿಮಾಂಸದ ಎರಡು ಚೂರು ಇಟ್ಟು ಸುತ್ತಿದ ಆ ವರ್ಷದ ಮೊದಲ ಕಿಮ್ಚಿ ಎಲೆ ಅವಳ ಮೂಗಿನ ಮುಂದೆಯೇ ಹಾದು, ಪಕ್ಕದಲ್ಲಿ ಕೂತಿದ್ದ ವಾರಗಿತ್ತಿ ಸೊರಾಳ ಬಾಯಿ ಸೇರಿತು!

"ಬಾಯಿ ಮುಚ್ಚೇ, ನೊಣ ಹೋಗುತ್ತೆ" ಎಂದು ಗಂಡ ತೆಸಿಕ್ ನಕ್ಕ.

ಇನ್‌ಜುಗೆ ನಗು ಬರಲಿಲ್ಲ. ಹೇನಾಮ್ ಊರಿನ ಈ ಮನೆಗೆ ಹಿರಿಯ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ವರ್ಷಕ್ಕಾಗುವಷ್ಟು ಕಿಮ್ಚಿ ಹಾಕಲು ಇನ್ನೂರು ಎಲೆಕೋಸು ಸೀಳಿ ಉಪ್ಪುನೀರಿನಲ್ಲಿ ಮಗುಚಿ ಮಗುಚಿ ಸೊಂಟ ಬಿದ್ದುಹೋಗಿದ್ದು ಅವಳದ್ದು. ಸೊರಾ ಗ್ವಾಂಗ್ಜು ಪೇಟೆಯಿಂದ ಮಧ್ಯಾಹ್ನ ಕಾರಿನಲ್ಲಿ ಬಂದು, ಬಣ್ಣದ ಉಗುರಿನ ಮೇಲೆ ಕೈಗವಸು ಏರಿಸಿದವಳು. ಆದರೂ ಮೊದಲ ತುತ್ತು ಅವಳಿಗೆ! ಯಾಕೆ ಅಂತ ಇನ್‌ಜುಗೆ ಗೊತ್ತಿಲ್ಲವೇ? ಜನ ಫೋನಿನಲ್ಲೇ ತುಂಬಿಕೊಳ್ಳುವ ದಿನಚರಿ ಪುಟಗಳನ್ನು ಸೊರಾ ಚಿತ್ರಿಸಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದಳು. ಒಮ್ಮೆ ಚಿತ್ರಿಸಿಟ್ಟರೆ ಸಾಕು, ಅವಳು ಗೊರಕೆ ಹೊಡೆಯುತ್ತಿದ್ದರೂ ದುಡ್ಡು ಬರುತ್ತಿತ್ತು. ಆ ದುಡ್ಡಿನಲ್ಲೇ ಅತ್ತೆಗೆ ಮೈ ಒತ್ತುವ ಕುರ್ಚಿ ತಂದುಕೊಟ್ಟಿದ್ದಳು. ಅತ್ತೆ ಅದರ ಮೇಲೆ ಕಣ್ಣು ಮುಚ್ಚಿ ಕೂತಾಗಲೆಲ್ಲ ಇನ್‌ಜುಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗುತ್ತಿತ್ತು. ಹತ್ತೊಂಬತ್ತು ವರ್ಷ ತಾನು ಕೈಯಾರೆ ಕಾಲು ಒತ್ತಿದ್ದು ಅತ್ತೆಗೆ ಮರೆತೇಹೋಯಿತೇ ಎಂದು ಅವಳು ಅಡುಗೆಮನೆಯಲ್ಲಿ ಅತ್ತದ್ದೂ ಉಂಟು.

ಅವಳಿಗೆ ಬೇಕಿದ್ದುದು ಒಂದೇ. ಮುಂದಿನ ವರ್ಷ ಆ ಮೊದಲ ಎಲೆ ತನ್ನ ಬಾಯಿಗೆ ಬರಬೇಕು... ಎಲ್ಲರೆದುರು, ಸೊರಾಳ ಎದುರು!

ಬೇಸಿಗೆಯೆಲ್ಲ ಕೂತು ಅತ್ತೆಯ ಕಿಮ್ಚಿ ಮಾಡುವ ಬಗೆಯನ್ನು ಅಳತೆ ಸಮೇತ ಬರೆದಳು, ಚಿತ್ರ ತೆಗೆದಳು. 'ಪಿಲ್‌ಸುನ್ ಅಜ್ಜಿಯ ಕೈರುಚಿ' ಎಂದು ಅತ್ತೆಯ ಹೆಸರಿಟ್ಟು ಡಿಜಿಟಲ್ ಪುಸ್ತಕ ಮಾಡಿದಳು. ಎಲ್ಲರೂ ಕಿಮ್ಚಿ ಹಾಕುವ ಕಾಲಕ್ಕೆ ಸರಿಯಾಗಿ ಮಾರಾಟಕ್ಕೆ ಬಿಟ್ಟಳು. ಮೊದಲ ವಾರವೇ ಫೋನು ಟಿಣ್ ಟಿಣ್ ಎನ್ನತೊಡಗಿತು. ಪ್ರತಿ ಸದ್ದಿಗೂ ಅವಳ ಮುಖ ಅರಳುತ್ತಿತ್ತು.

ಸುದ್ದಿ ತಿಳಿದು ಸೊರಾ ಫೋನ್ ಮಾಡಿದಳು.

"ಅಕ್ಕ, ಪುಸ್ತಕ ಚೆನ್ನಾಗಿದೆ. ಒಂದೇ ಒಂದು ಮಾತು... ಉಪ್ಪು ಯಾವುದು ಅಂತ ಬರ್ದಿಲ್ವಲ್ಲ?"

"ಉಪ್ಪು ಅಂದ್ರೆ ಉಪ್ಪು ಕಣೇ! ಅದ್ರಲ್ಲಿ ಯಾವ್ದು ಏನು?"

"ಹಾಗಲ್ಲ ಅಕ್ಕ, ನಾನೂ ಒಂದ್ಸಲ—"

"ಸಾಕು ಬಿಡಮ್ಮ! ನಂದೂ ನಾಲ್ಕು ಕಾಸು ಬಂತು ಅಂದ ತಕ್ಷಣ ನಿಂಗೆ ಹೊಟ್ಟೆ ಉರೀತಾ?"

ತನ್ನ ಹೊಟ್ಟೆಯ ಉರಿಯನ್ನು ಇನ್ನೊಬ್ಬರ ಹೊಟ್ಟೆಯಲ್ಲಿ ಕಾಣುವುದು ಎಷ್ಟು ಸಲೀಸು ನೋಡಿ. ಇನ್‌ಜು ಫೋನ್ ಕುಕ್ಕಿದಳು.

ಎರಡು ವಾರ ಕಳೆಯಿತು. ಜನರ ಕಿಮ್ಚಿ ಹದಕ್ಕೆ ಬಂದಂತೆಲ್ಲ ದೂರುಗಳು ಬರತೊಡಗಿದವು. ಕಹಿ! ಬರೀ ಕಹಿ! ವರ್ಷವಿಡೀ ತಿನ್ನಬೇಕಾದ್ದನ್ನು ಎಸೆದೆವು... ಇನ್‌ಜು ಫೋನು ಕೆಳಗಿಟ್ಟಳು. ಅವಳು ಎತ್ತಿಕೊಳ್ಳುವ ಮೊದಲೇ ಅತ್ತೆ ಎತ್ತಿಕೊಂಡರು. ಕನ್ನಡಕ ಏರಿಸಿ ಅಕ್ಷರ ಅಕ್ಷರವಾಗಿ ಓದಿದರು.

"'ಈ ಪಿಲ್‌ಸುನ್ ಅಜ್ಜಿಗೆ... ಉಪ್ಪು ಹಾಕೋಕೂ... ಬರಲ್ಲ.' ನನ್ನ ಹೆಸರು ಅಲ್ವೇನೇ ಇದು?"

"ಅತ್ತೆ... ಅಯ್ಯೋ ಅತ್ತೆ!" ಇನ್‌ಜು ಅವರ ಕಾಲ ಬಳಿ ಕುಸಿದಳು.

ಅತ್ತೆ ಬೈಯಲಿಲ್ಲ. ಅವಳ ಕೈ ಹಿಡಿದು ಹಿತ್ತಲ ಕೊಟ್ಟಿಗೆಗೆ ಕರೆದೊಯ್ದರು. ಅಲ್ಲಿ ಇಟ್ಟಿಗೆಗಳ ಮೇಲೆ ಸಮುದ್ರದುಪ್ಪಿನ ಮೂಟೆಗಳಿದ್ದವು. ಮೂರು ವರ್ಷ ಹಾಗೆಯೇ ಇಟ್ಟು, ಕಹಿನೀರೆಲ್ಲ ಬಸಿದುಹೋದ ಮೇಲೆ ಮುಟ್ಟುವ ಉಪ್ಪು ಅದು. ಈ ಮನೆಗೆ ಕಾಲಿಟ್ಟ ದಿನದಿಂದ ಇನ್‌ಜು ಬೇರೆ ಉಪ್ಪನ್ನೇ ಕಂಡಿರಲಿಲ್ಲ. ಪುಸ್ತಕ ಕೊಂಡವರೆಲ್ಲ ಅಂಗಡಿಯ ಹೊಸ ಉಪ್ಪು ಸುರಿದಿದ್ದರು. ಅಷ್ಟು ಹತ್ತಿರದಲ್ಲಿದ್ದುದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಅವಳು ಮಾರಾಟ ನಿಲ್ಲಿಸಿದಳು. ಕೊಂಡವರಿಗೆಲ್ಲ ದುಡ್ಡು ಹಿಂತಿರುಗಿಸಿ, 'ತಪ್ಪು ಅಜ್ಜಿಯದಲ್ಲ, ಸೊಸೆಯದು' ಎಂದು ಎಲ್ಲರಿಗೂ ಕಾಣುವಂತೆ ಬರೆದಳು.

ಮನೆಯ ಕಿಮ್ಚಿ ಹಾಕುವ ದಿನ ಸೊರಾ ಈ ಸಲ ಬೆಳಗಾಗುವ ಮೊದಲೇ ಬಂದಳು. ಇನ್‌ಜು ತಲೆ ಎತ್ತಲಿಲ್ಲ. ಸೊರಾ ಅವಳ ಮುಂದೆ ಒಂದು ಹಾಳೆ ಚಾಚಿದಳು. ಅದು ಕಿಮ್ಚಿ ಪುಸ್ತಕವೊಂದರ ಮುಖಪುಟ. ಎರಡು ವರ್ಷ ಹಳೆಯದು, ಬರೆದವಳ ಹೆಸರು ಸೊರಾ!

"ಕದ್ದು ಮಾಡಿದ್ದೆ ಅಕ್ಕ, ನಿಮಗೆ ಹೇಳದೆ. ಅತ್ತೆಗೆ ಮಾತ್ರ ಗೊತ್ತಿತ್ತು. ನಿಮ್ಮ ಕೈರುಚಿ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಅತ್ತೆ ಯಾವಾಗ್ಲೂ 'ಇನ್‌ಜು ಹಾಕಿದ್ರೇ ಸರಿ' ಅಂತಿದ್ರು. ನಾನೂ ಉಪ್ಪಲ್ಲೇ ಎಡವಿದೆ. ದಿನಚರಿ ಪುಟ ಕೈಹಿಡಿದಿದ್ದು ಆಮೇಲೆ... ಕೊಂಡವರು ಬೈದಿದ್ದನ್ನೆಲ್ಲ ಬರೆದಿಟ್ಕೊಂಡು, ಒಂದೊಂದನ್ನೇ ತಿದ್ದಿದ ಮೇಲೆ."

"ನನ್ನ... ನನ್ನ ಮೇಲೆ ನಿಂಗೆ ಹೊಟ್ಟೆಕಿಚ್ಚಾ?" ಇನ್‌ಜು ಬೆರಗಾಗಿ ಕೇಳಿದಳು. ನಾಚಿಕೆಗೇಡಿನ ಮಾತು, ಆದರೆ ಆ ಗಳಿಗೆಯಲ್ಲಿ ಅವಳಿಗೆ ಎಷ್ಟೋ ಹಿತವಾಯಿತು.

ಅಷ್ಟರಲ್ಲಿ ಮಸಾಲೆ ಸವರಿದ ಮೊದಲ ಎಲೆ ಅತ್ತೆಯ ಕೈಯಲ್ಲಿತ್ತು. ಅದು ನೇರ ಇನ್‌ಜುವಿನ ಬಾಯಿಗೇ ಬಂತು.

"ವರ್ಷವಿಡೀ ಉರ್ಕೊಂಡೆ ಅಲ್ವಾ? ಕೆಡಿಸಿದವಳಿಗೇ ಮೊದಲು ಕೊಡೋದು ಕಣೇ, ಸರಿಯಾದ ಉಪ್ಪು ನಾಲಗೆಗೆ ನೆನಪಿರ್ಲಿ ಅಂತ. ಹೋದ ವರ್ಷ ಅವಳ ಸರದಿ, ಈ ವರ್ಷ ನಿಂದು. ತಿನ್ನು. ತಿಂದು ಆ ಪುಸ್ತಕಾನ ಮತ್ತೆ ಬರಿ. ಮೊದಲ ಪುಟದಲ್ಲೇ ಉಪ್ಪಿನ ಮೂಟೆ ಇರ್ಲಿ."

ಇಷ್ಟಕ್ಕೋಸ್ಕರವೇ ತಾನು ಒಂದು ವರ್ಷ ಸುಟ್ಟುಕೊಂಡದ್ದು! ಇನ್‌ಜು ಅಗಿದಳು, ಕಣ್ಣೀರು ಧಾರೆಯಾಗಿ ಇಳಿಯಿತು. ನುಂಗಿ, ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡು, ಸೊರಾಳನ್ನು ಒಮ್ಮೆ ನೋಡಿದಳು.

"ಅತ್ತೆ, ಹೋದ ವರ್ಷ ಅವಳ ಎಲೇಲಿ ಮಾಂಸ ಎರಡು ಚೂರಿತ್ತು. ನಂಗೆ ಒಂದೇ ಹಾಕಿದೀರಿ!"

"ಅವಳು ಎರಡು ಸಲ ಕೆಡಿಸಿದ್ಲು" ಎಂದರು ಅತ್ತೆ, ಮುಂದಿನ ಎಲೆಕೋಸಿಗೆ ಕೈಹಾಕುತ್ತ.