ಗಾಜಿನ ಅಂಚಿನ ಕಂದು

ಲ್ಯಾಬಿನವರು ಅವನಿಗೆ ‘ಕಿಡಿ’ ಅಂತ ಹೆಸರಿಟ್ಟಿದ್ದರು. ಗೇಟು, ಗ್ರಿಲ್ಲು ಬೆಸೆಯುವ ವೆಲ್ಡರ್ ಅನ್ನುವುದಕ್ಕಲ್ಲ; ಕೌಂಟರಿಗೆ ಬಂದರೆ ಸಾಕು, ಸಿಡಿಯುತ್ತಿದ್ದ. ಅಮ್ಮ ಹೋದ ಮೇಲೆ ತುತ್ತಿಟ್ಟು ಸಾಕಿದ ಅಕ್ಕನ ದೊಡ್ಡ ಕರುಳಿನಿಂದ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. ಅದು ಮುಂದೆ ಹರಡುವ ಜಾತಿಯದೋ ಅಲ್ಲವೋ ನೋಡಲು ಒಂದು ಚೂರು ಈ ಲ್ಯಾಬಿಗೆ ಬಂದಿತ್ತು. ಕೇಳಿದರೆ ‘ನಾಳೆ ಬನ್ನಿ’. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಅನ್ನುವವರಿಗೇನು, ಅವರ ಅಕ್ಕ ಹಾಸಿಗೆ ಹಿಡಿದಿರುವುದಿಲ್ಲ.

“ರೀ, ನೀವು ಕೂಗಿದ್ರೆ ಬಣ್ಣ ಬೇಗ ಹತ್ತಲ್ಲ,” ಅಂದಳು ಒಳಗಿನಿಂದ ಬಂದ ಟೆಕ್ನಿಷಿಯನ್. ಮಾಸ್ಕಿನ ಮೇಲೆ ಎರಡು ಕಣ್ಣು. ಎರಡೂ ನಗುತ್ತಿದ್ದವು.

“ಯಾವ ಬಣ್ಣ? ಅಕ್ಕನ ಗಡ್ಡೆಗೆ ಪೇಂಟ್ ಹೊಡೀತಿದ್ದೀರಾ?”

“ಒಂಥರಾ ಹಾಗೇ. ಜೀವಕೋಶದ ಮೈಮೇಲೆ ರಿಸೆಪ್ಟರ್ ಅಂತ ಇರುತ್ತೆ, ಕಿವಿ ಇದ್ದ ಹಾಗೆ. ಗ್ರೋತ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಬಂದು ‘ಬೆಳಿ’ ಅಂದ್ರೆ, ಆ ಕಿವಿಯಲ್ಲಿ ಕೇಳಿಸ್ಕೊಂಡು ಬೆಳೆಯುತ್ತೆ. ಗಡ್ಡೆಯಲ್ಲಿ ಕಿವಿಗಳು ವಿಪರೀತ ಇದ್ರೆ ಪಿಸುಮಾತಿಗೂ ಎದ್ದು ಕುಣಿಯುತ್ತೆ, ಬೇರೆ ಕಡೆಗೂ ಹಬ್ಬಬಹುದು. ಕಿವಿ ಇರೋ ಕಡೆಯೆಲ್ಲ ನನ್ನ ಬಣ್ಣ ಕಂದಾಗಿ ಹತ್ತುತ್ತೆ.”

“ಪಿಸುಮಾತಿಗೂ ಕುಣಿಯೋದು ಅಂದ್ರೆ ನನ್ನ ಥರ.”

“ನಾನು ಹೇಳಲಿಲ್ಲಪ್ಪ. ನೀವೇ ಹೇಳಿದ್ದು.”

ಓದು ಬಿಟ್ಟವನಿಗೆ ಏನು ಅರ್ಥವಾದೀತು ಅಂತ ಎಲ್ಲರೂ ಮುಗುಮ್ಮಾಗಿದ್ದಾಗ, ಇವಳೊಬ್ಬಳು ನಿಂತು ಬಿಡಿಸಿ ಹೇಳಿದ್ದಳು. ಆಮೇಲೆ ಅವನು ಬರುತ್ತಿದ್ದದ್ದು ರಿಪೋರ್ಟಿಗೋ, ಆ ಕಣ್ಣಿಗೋ, ಅವನಿಗೇ ಗೊತ್ತಿಲ್ಲ. ಅವಳೂ ತನ್ನ ಟೀ ಲೋಟವನ್ನು ಹೊರಗಿನ ಬೆಂಚಿಗೆ ತರತೊಡಗಿದಳು. ಒಳಗೆ ಸೆಕೆಯಂತೆ.

ಒಂದು ಮಧ್ಯಾಹ್ನ ಅವನು ಹಟ ಹಿಡಿದ. “ಅಕ್ಕಂದು ಒಂದ್ಸಲ ತೋರಿಸಿ.”

ಅವಳು ಅವನನ್ನು ಲ್ಯಾಬಿನೊಳಗೆ ಕುರ್ಚಿಯಲ್ಲಿ ಕೂರಿಸಿ, ಆಗಷ್ಟೇ ಬಣ್ಣ ಹತ್ತಿದ್ದ ಗಾಜಿನ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕರೆದರು. “ಮುಟ್ಟಬೇಡಿ,” ಅಂದು ಹೋದಳು. ಮುಟ್ಟಬೇಡ ಅಂದದ್ದನ್ನು ಮುಟ್ಟದೆ ಬಿಟ್ಟ ಜನ್ಮವಲ್ಲ ಅವನದು. ಬೆರಳಿನಿಂದ ಸ್ಲೈಡನ್ನು ಸರಿಸಿದ. ಕಣ್ಣ ತುಂಬ ಕಂದು. ದಟ್ಟ ಕಂದು.

ಅವಳು ವಾಪಸ್ ಬಂದಾಗ ಕುರ್ಚಿ ಖಾಲಿಯಿತ್ತು.

“ಯಾಕೋ, ಮುಖ ಹರಳೆಣ್ಣೆ ಕುಡಿದ ಹಾಗಿದೆ?” ಅಂದಳು ಮನೆಯಲ್ಲಿ ಅಕ್ಕ.

“ಏನಿಲ್ಲ. ನಾನು ಮದುವೆ ಆಗ್ತೀನಿ.”

“ಹುಡುಗಿಗೆ ಗೊತ್ತಾ?”

“ನಾಳೆ ಹೇಳ್ತೀನಿ.”

“ಮೊದಲು ಅದು ಮಾಡು, ಮಹರಾಯ.”

ಮರುದಿನ ಡಾಕ್ಟರ್ ಬರಹೇಳಿದ್ದರು. ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ಅವನು ಲ್ಯಾಬಿನೊಳಗೆ ನುಗ್ಗಿದ.

“ರೀ, ನನ್ನ ಮದುವೆ ಆಗ್ತೀರಾ? ಈ ತಿಂಗಳೇ. ಅಕ್ಕ ಕಣ್ಣಾರೆ ನೋಡಬೇಕು.”

ಅವಳ ಕಣ್ಣುಗಳು ಅರಳಿ, ಕೊನೆಯ ಮಾತಿಗೆ ಬಾಡಿದವು. “ಈ ತಿಂಗಳೇ ಯಾಕೆ?”

“ನಿನ್ನೆ ನೋಡಿದೆ. ಪೂರ್ತಿ ಕಂದು.”

“ಸ್ಲೈಡ್ ಸರಿಸಿದ್ರಾ?”

ಅವನು ತಲೆ ತಗ್ಗಿಸಿದ.

“ಅದು ನಿಮ್ಮಕ್ಕಂದಲ್ಲ ಕಣ್ರೀ. ಬಣ್ಣ ಸರಿಯಾಗಿ ಹತ್ತಿದೆಯಾ ಅಂತ ನೋಡೋಕೆ ಗಾಜಿನ ಅಂಚಲ್ಲಿ ಬೇರೆ ಯಾರದೋ ಚೂರು ಇಟ್ಟಿರ್ತೀವಿ. ಅದು ಕಂದಾಗಲೇಬೇಕು. ನಿಮ್ಮಕ್ಕಂದು ಪಕ್ಕದಲ್ಲಿತ್ತು.”

ಅವನು ಥಟ್ಟನೆ ತಲೆಯೆತ್ತಿದ. “ಅಕ್ಕಂದು ಹೇಗಿದೆ?”

“ಅದನ್ನ ಡಾಕ್ಟರೇ ಹೇಳಬೇಕು.” ಅವಳು ಬೆನ್ನು ತಿರುಗಿಸಿದಳು. “ಅಂತೂ ಮದುವೆಗೆ ಅವಸರ ಇಲ್ಲ ಅಂತಾಯ್ತಲ್ಲ. ಹೋಗಿ, ಕರೀತಿದ್ದಾರೆ.”

ಡಾಕ್ಟರ್ ಕನ್ನಡಕ ತೆಗೆದು ಅಕ್ಕನಿಗೇ ಹೇಳಿದರು: “ಬಣ್ಣ ತಿಳಿಯಾಗಿ ಹತ್ತಿದೆ, ರಿಸೆಪ್ಟರ್ ಕಮ್ಮಿ. ಇದೊಂದನ್ನೇ ನಂಬಿ ಕೂರೋ ಹಾಗಿಲ್ಲ. ಔಷಧಿ ತಗೋಬೇಕು, ಬಂದು ತೋರಿಸ್ತಿರಬೇಕು. ಆದ್ರೆ ಧೈರ್ಯವಾಗಿರಿ. ಉಳಿದ ಟೆಸ್ಟುಗಳೂ ಚೆನ್ನಾಗಿವೆ.”

ಅಕ್ಕನನ್ನು ಮತ್ತೆ ಬೆಂಚಿಗೆ ತಂದು ಕೂರಿಸಿ, ಅವನು ಲ್ಯಾಬಿನ ಬಾಗಿಲಲ್ಲಿ ನಿಂತ. ಈಗ ಅವನ ಹತ್ತಿರ ಅವಸರವೂ ಇರಲಿಲ್ಲ, ನೆಪವೂ ಇರಲಿಲ್ಲ.

“ಅಕ್ಕನಿಗೋಸ್ಕರ ಕೇಳ್ದೆ ಅಂದ್ಕೊಂಡ್ರಾ?”

“ನೀವು ಹೇಳಿದ್ದೇ ಹಾಗೆ,” ಅಂದಳು ತಿರುಗದೆ.

ಊರು ಕೇಳುವಂತೆ ಕೂಗುತ್ತಿದ್ದವನು ಮೆಲ್ಲಗೆ ಹೇಳಿದ. “ನಿನ್ನೆ ಹೆದರಿಕೆ ಆಯ್ತು. ಹೆದರಿದಾಗ ನಿಮ್ಮ ಪಕ್ಕ ಬಂದು ಸುಮ್ನೆ ಕೂರ್ಬೇಕು ಅನ್ನಿಸ್ತು. ಇವತ್ತು ಹೆದರಿಕೆ ಇಲ್ಲ. ಈಗ್ಲೂ ಹಾಗೇ ಅನ್ನಿಸ್ತಿದೆ. ಉತ್ತರ ಇವತ್ತೇ ಬೇಡ, ಕಾಯ್ತೀನಿ.”

ಅವಳು ತಿರುಗಿದಳು. “ನೀವಾ? ಕಾಯೋದಾ?”

“ಅವನು ಕಾಯ್ತಾನೋ ಇಲ್ವೋ, ನಾನು ಕಾಯ್ತೀನಮ್ಮ,” ಅಂದಳು ಅಕ್ಕ ಹೊರಗಿನಿಂದಲೇ. “ನಿಧಾನಕ್ಕೆ ಯೋಚನೆ ಮಾಡು. ನನಗೀಗ ಟೈಮಿದೆ.”

ಅವಳು ಗ್ಲೌಸ್ ಕಳಚಿದಳು. ಬಾಗಿಲಲ್ಲಿ ಅವನನ್ನು ದಾಟಿ ಹೋಗಿ ಬೆಂಚಿನ ಮೇಲೆ ಕೂತಳು.

“ಯೋಚನೆ ಮಾಡಿ ಆಗಿದೆ, ಅಕ್ಕ,” ಅಂದಳು.