ಅನೆಲೆಯ ಸೀಟು

"ಮುಳ್ಳಿನ ಕೊಂಬೆ ಕೈಲಿರೋ ತನಕ ತಮ್ಮನ ಹತ್ರ ಬಿಟ್ಟು ಇನ್ಯಾರ ಹತ್ರಾನೂ ಮಾತಾಡ್ಬೇಡ," ಎಂದಳು ಅಜ್ಜಿ ನೊಮಾಲಿ. "ಯಾರು ಕೇಳಿದ್ರೂ ಓಗೊಡ್ಬೇಡ. ಕರ್ಕೊಂಡು ಹೋಗೋರಿಲ್ದೆ ನಿಂತಿರೋರು ಈ ಊರಲ್ಲಿ ಬಹಳ ಜನ."

ವುಯಾನಿ ನಕ್ಕ. "ಸತ್ತೋನಿಗೂ ಟ್ಯಾಕ್ಸೀಲಿ ಸೀಟು ಹಿಡೀಬೇಕಾ ಅಜ್ಜಿ? ಕಿಟಕಿ ಪಕ್ಕದ್ದೇ ಆಗ್ಬೇಕೋ?"

ಅಜ್ಜಿ ನಗಲಿಲ್ಲ. ಹತ್ತನೆಯ ವಯಸ್ಸಿಗೇ ಜೊಹಾನ್ಸ್‌ಬರ್ಗಿನ ಸೋದರಮಾವನ ಮನೆ ಸೇರಿದ ಮೊಮ್ಮಗನಿಗೆ ಇದೆಲ್ಲ ಅಡುಗೂಲಜ್ಜಿ ಕತೆ ಎಂದು ಅವಳಿಗೂ ಗೊತ್ತಿತ್ತು. ಆದರೆ ಅವನ ಅವ್ವನ ಸ್ಥಿತಿ ನೋಡಬೇಕಲ್ಲ. ನಾಲ್ಕು ತಿಂಗಳ ಹಿಂದೆ ಗುಡ್ಡದ ಕೆಳಗಿನ ತಿರುವಿನಲ್ಲಿ ವ್ಯಾನು ಮಗುಚಿ ಕಿರಿಯ ಮಗ ಅನೆಲೆ ಸತ್ತಂದಿನಿಂದ ಅವಳು ಕಣ್ಣು ಮುಚ್ಚಿಲ್ಲ. ತೂಕಡಿಸಿದರೆ ಸಾಕು, ಅವನು ಗೇಟಿನಾಚೆ ನಿಂತು ಚಳಿ ಎನ್ನುತ್ತಾನಂತೆ. ಅನ್ನ ನೀರು ಬಿಟ್ಟು ಕಡ್ಡಿಯಾಗಿದ್ದಳು. ಒಡಹುಟ್ಟಿದವನೇ ಹೋಗಿ, ಸತ್ತ ಜಾಗಕ್ಕೆ ಕೊಂಬೆ ತಾಗಿಸಿ, ಹೆಸರು ಹಿಡಿದು ಅವನ ಆತ್ಮವನ್ನು ಮನೆಗೆ ಕರೆತರದಿದ್ದರೆ ಅವಳೂ ಉಳಿಯುವುದಿಲ್ಲ ಎಂಬುದು ಅಜ್ಜಿಯ ಮಾತು. ಅವ್ವನಿಗಾಗಿ ವುಯಾನಿ ಒಪ್ಪಿದ.

ಅಜ್ಜಿಯ ಈ ರೀನಿ ಒಂದು ಕಾಲಕ್ಕೆ ಗಡಿಯ ಊರು. ಬಿಳಿಯರು ಇಲ್ಲಿ ದಂಡಿನ ಠಾಣೆ ಹೂಡಿದರು. ಕಳೆದುಕೊಂಡ ನೆಲವನ್ನು ಮರಳಿ ಪಡೆಯಲು ಇಳಿದುಬಂದ ಇಲ್ಲಿನ ಶೋಸಾ ಜನಾಂಗದ ಯೋಧರು ಈಟಿ ಹಿಡಿದೇ ಫಿರಂಗಿಯ ಮುಂದೆ ಮಲಗಿದರು. ಆ ಇಳಿಜಾರಿಗೆ ಇಂದಿಗೂ ಎಗಾಜಿನಿ, ರಕ್ತದ ಜಾಗ, ಎಂದೇ ಹೆಸರು. ಈಗ ಅಲ್ಲಿ ತಗಡಿನ ಮನೆಗಳು, ಬಟ್ಟೆ ಒಣಗುವ ಹಗ್ಗಗಳು. ಕೆಳಗೆ ಚರ್ಚಿನ ಗೋಪುರಗಳು, ಕಾಫಿ ಕುಡಿಯುವ ಕಾಲೇಜು ಮಕ್ಕಳು, ದೊಡ್ಡ ರಸ್ತೆಯ ನಡುವೆ ಯಜಮಾನರಂತೆ ನಿಲ್ಲುವ ಕತ್ತೆಗಳು. ಬಿಳಿಯರಿಟ್ಟ ಹೆಸರು ಹೋಗಿ ಊರಿನ ಬೋರ್ಡು ಬದಲಾಗಿದೆ. ಬೋರ್ಡು ಬದಲಾದರೆ ನೆಲ ಮರೆಯುತ್ತದೆಯೇ?

ತಿರುವಿನಲ್ಲಿ ಗಾಜಿನ ಚೂರುಗಳು ಇನ್ನೂ ಬಿದ್ದಿದ್ದವು. ವುಯಾನಿ ಕೊಂಬೆಯನ್ನು ಮಣ್ಣಿಗೆ ತಾಗಿಸಿ, "ಅನೆಲೆ, ಬಾ, ಮನೆಗೆ ಹೋಗೋಣ" ಎಂದ. ಕೊಂಬೆ ತುಸು ಭಾರವಾಯಿತು. ಕೈ ಸೋತಿರಬೇಕು ಎಂದುಕೊಂಡ.

ದಾರಿಯುದ್ದಕ್ಕೂ ಜನ ಹತ್ತಿಸಿಕೊಳ್ಳುವ ಟ್ಯಾಕ್ಸಿ ವ್ಯಾನಿನವನು ಕೊಂಬೆ ಕಂಡದ್ದೇ ಹಾಡು ನಿಲ್ಲಿಸಿ, ಎರಡು ಸೀಟು ಬಿಟ್ಟುಕೊಟ್ಟ. ಪ್ರತಿ ತಿರುವಿನಲ್ಲೂ ತಮ್ಮನಿಗೆ ದಾರಿ ಹೇಳಬೇಕು ಎಂದಿದ್ದಳು ಅಜ್ಜಿ. ಎರಡು ಸಲ ಹೇಳಿದ. ಎದುರಿನ ಕಾಲೇಜು ಹುಡುಗಿ ನೋಡುತ್ತಿದ್ದಳು. ನಾಚಿಕೆಯಾಗಿ ಮೊಬೈಲು ತೆಗೆದ.

ಎಗಾಜಿನಿಯಲ್ಲಿ ವ್ಯಾನು ನಿಂತಿತು. ಬಾಗಿಲು ಸರಿಯಿತು. ಕಿವಿಯ ಹತ್ತಿರವೇ ಯಾರೋ ಕೇಳಿದರು, "ಇಲ್ಲಿ ಕೂತ್ಕೊಳ್ಳಲಾ?"

"ಹೂಂ, ಖಾಲೀನೇ, ಕೂತ್ಕೊಳ್ಳಿ," ಎಂದ ವುಯಾನಿ, ಮೊಬೈಲಿನಿಂದ ಕಣ್ಣೆತ್ತದೆ.

ಚಾಲಕ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದ. "ಅಣ್ಣಾ, ಯಾರೂ ಹತ್ತಲಿಲ್ವಲ್ಲ."

ಕೊಂಬೆ ಒಮ್ಮೆಲೇ ಹಗುರಾಯಿತು. ಮರುಕ್ಷಣ ಭಾರವಾಯಿತು. ಮೊದಲಿನ ಭಾರವಲ್ಲ. ಪಕ್ಕದ ಸೀಟು ಕುಸಿಯಿತು. ಹಸಿ ತೊಗಲಿನ ವಾಸನೆ. ಫಿರಂಗಿ ಮದ್ದಿನ ಹೊಗೆ. ಹಳೆಯ ರಕ್ತ. ತಣ್ಣನೆಯ ಭುಜವೊಂದು ಅವನ ಭುಜಕ್ಕೆ ಒರಗಿತು. ಉಸಿರಿಲ್ಲ. ಬರೀ ಭಾರ. ಕೊಂಬೆ ಎಸೆಯಲು ನೋಡಿದ. ಮುಳ್ಳು ಅಂಗೈಯಲ್ಲಿ ನಾಟಿತ್ತು. ಬಿಡಲಿಲ್ಲ.

ಮನೆಯ ಗೇಟಿನಲ್ಲಿ ಅವ್ವ ನಿಂತಿದ್ದಳು. ತಿಂಗಳುಗಳ ಮೇಲೆ ತನ್ನ ಕಾಲ ಮೇಲೆ ನಿಂತಿದ್ದಳು. ವುಯಾನಿ ಬಾಯಿ ತೆರೆಯುವುದರೊಳಗೆ ಕೊಂಬೆಯನ್ನು ಕಿತ್ತುಕೊಂಡು ಎದೆಗಪ್ಪಿದಳು. "ಬಂದ್ಯಾ ಅನೆಲೆ, ಬಂದ್ಯಾ ನನ್ನಪ್ಪ."

ಗಾಳಿ ಮೂಸಿದ ಅಜ್ಜಿಯ ಮುಖ ಬೂದಿಬಣ್ಣಕ್ಕೆ ತಿರುಗಿತು. ವುಯಾನಿಯನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದಳು. "ಯಾರಿಗೆ ಕೊಟ್ಟೆ ಅವನ ಸೀಟು?"

ಅವನು ಎಗಾಜಿನಿಯ ಇಳಿಜಾರಿನ ಕಡೆ ಕೈ ತೋರಿಸಿದ.

"ನಿಮ್ಮವ್ವ ಅನೆಲೆ ಅಂತ ಹೆಸರಿಟ್ಟು ಕರೆದಾಯ್ತು. ಈಗ ಬಂದೋನ್ನ ಹೊರಗೆ ಹಾಕೋಕೆ ಹೋದ್ರೆ ಅವಳನ್ನೂ ಎಳ್ಕೊಂಡು ಹೋಗ್ತಾನೆ. ಬಾಯಿ ಮುಚ್ಕೊಂಡಿರು."

ಅಂದು ಅವ್ವ ಬೆಳಗಿನವರೆಗೂ ನಿದ್ದೆ ಮಾಡಿದಳು. ಎದ್ದವಳೇ ಜೋಳ, ಹುರುಳಿಕಾಯಿ ಬೀಜ ಬೇಯಿಸಲು ಕೂತಳು. ಕೆನ್ನೆಯಲ್ಲಿ ರಂಗೇರಿತ್ತು. "ಎಷ್ಟು ಹಸಿದಿದ್ದಾನೋ ನನ್ನ ಕಂದ. ಕನಸಲ್ಲಿ ಮೂರು ತಟ್ಟೆ ಉಂಡ. ಗುಡ್ಡ ಈಗ ಯಾರ ಕೈಲಿದೆ ಅಂತ ಕೇಳ್ತಾನಲ್ಲ, ಯಾಕೋ?"

ವುಯಾನಿ ಇನ್ನೊಂದು ಕೊಂಬೆ ಮುರಿದುಕೊಂಡು ತಿರುವಿಗೆ ಓಡಿದ. ಮಣ್ಣಿಗೆ ತಾಗಿಸಿದ. ಕರೆದ. ಲಾರಿಗಳು ಹೋದವು. ಮತ್ತೆ ಕರೆದ. ಕೊಂಬೆ ಮೆಲ್ಲಗೆ ಭಾರವಾಯಿತು. ಅದೇ ಭಾರ, ಮೊದಲಿನದು.

"ಚಳಿ, ಅಣ್ಣಾ," ಎಂದಿತು ತಮ್ಮನ ದನಿ. "ನಿನ್ನೆ ಗೇಟಿನ ತನಕ ನಡ್ಕೊಂಡೇ ಬಂದಿದ್ದೆ. ಅವ್ವ ನನ್ನ ಹೆಸರು ಕೂಗಿದ್ಲು. ಒಳಗಿಂದ ಯಾರೋ ಓಗೊಟ್ರು."

ಕೊಂಬೆ ಕೈಲಿರುವಾಗ ವುಯಾನಿ ಮಾತಾಡಬಹುದಾದದ್ದು ಇವನೊಬ್ಬನ ಹತ್ತಿರ ಮಾತ್ರ. ಅವನು ಗಾಜಿನ ಚೂರುಗಳನ್ನು ಸರಿಸಿ, ತನ್ನ ಪಕ್ಕದಲ್ಲಿ ತಮ್ಮನಿಗೆ ಕೂರಲು ಜಾಗ ಮಾಡಿದ.